ಕೈ ಓಡಬಾರದು, ಬಾಯಿ ಓಡಲಿ
(ಸಂಗೀತ–ನೃತ್ಯ: ಓದುಗರ ಪ್ರಶ್ನೆ, ನಮ್ಮ ಉತ್ತರ)

ಪ್ರಶ್ನೆ: ಮಗಳು ಕರ್ನಾಟಕ ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆ ಕಲಿಯುತ್ತಿದ್ದಾಳೆ. ಒಂದನೇ ಕಾಲ (ವೇಗ) ಸರಿ ಬರುತ್ತದೆ, ಎರಡನೆಯದಕ್ಕೆ ಬಂದರೆ ತಾಳವೂ ಜೊತೆಗೇ ಓಡುತ್ತದೆ. ತಿದ್ದುವುದು ಹೇಗೆ? (ಶಿವಮೊಗ್ಗ)

ಉತ್ತರ: ಹೆಚ್ಚಿನ ಮಕ್ಕಳಿಗೆ ಇದೇ ತೊಂದರೆ. ಕಾಲ ಬದಲಾಗಬೇಕಾದದ್ದು ಹಾಡಿನಲ್ಲಿ; ಕೈ ಮೊದಲಿನ ನಡೆಯಲ್ಲೇ ಇರಬೇಕು. ಆದಿತಾಳದ ಒಂದು ಆವರ್ತಕ್ಕೆ (ಪೂರ್ತಿ ಸುತ್ತಿಗೆ) ಎಂಟು ಅಕ್ಷರ (ಎಣಿಕೆ). ಮೊದಲು ಲಘು: ಒಂದು ತಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ಎರಡು ದ್ರುತ: ತಟ್ಟು–ಬೀಸು, ತಟ್ಟು–ಬೀಸು. ಅಕ್ಷರಕ್ಕೆ ಒಂದನೇ ಕಾಲದಲ್ಲಿ ಒಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು.

ಎರಡನೇ ಕಾಲದಲ್ಲಿ ಮೊದಲ ವರಸೆ ಕೈಯ ಮೇಲೆ ಹೀಗೆ ಕೂರುತ್ತದೆ: ತಟ್ಟಿಗೆ ಸರಿ, ಕಿರುಬೆರಳಿಗೆ ಗಮ, ಉಂಗುರದ ಬೆರಳಿಗೆ ಪದ, ನಡುಬೆರಳಿಗೆ ನಿಸ. ಇಳಿಯುವಾಗ ತಟ್ಟಿಗೆ ಸನಿ, ಬೀಸಿಗೆ ದಪ, ಮತ್ತೆ ತಟ್ಟಿಗೆ ಮಗ, ಬೀಸಿಗೆ ರಿಸ. ತಾರ ಷಡ್ಜ (ಮೇಲಿನ ಸ) ಮೊದಲು ಬರುವುದು ನಡುಬೆರಳಿನಲ್ಲಿ. ಅಲ್ಲಿ ಬರದಿದ್ದರೆ ಎಲ್ಲೋ ತಪ್ಪಿದೆ ಎಂದು ತಕ್ಷಣ ಗೊತ್ತಾಗುತ್ತದೆ. ಬಹಳ ಸಲ ತಪ್ಪುವುದು ದ್ರುತದ ಬೀಸಿನಲ್ಲಿ; ಅವಸರದಲ್ಲಿ ಮಕ್ಕಳು ಅದನ್ನು ನುಂಗಿಬಿಡುತ್ತಾರೆ.

ಇನ್ನೊಂದು ಕಾರಣ, ಶುರುವಿನ ವೇಗವೇ ಜಾಸ್ತಿ ಇರುವುದು. ಮೆಟ್ರೊನೋಮ್ (ನಿಮಿಷಕ್ಕೆ ಇಷ್ಟು ಎಂದು ತಟ್ಟುವ ಯಂತ್ರ) 60ಕ್ಕೆ ಇಟ್ಟರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ. 90ಕ್ಕೆ ಇಟ್ಟರೆ ಆರು! ಹೊಸಬರ ನಾಲಿಗೆ ತೊದಲುತ್ತದೆ, ಕೈ ಕಾಯುತ್ತಾ ನಿಲ್ಲುತ್ತದೆ. 50ರಿಂದ ಶುರುಮಾಡಿ. ಮೊದಲು ಬರೀ ತಾಳ ಹಾಕಲಿ, ಆಮೇಲೆ ಅಕ್ಷರಕ್ಕೊಂದು ‘ತಕ’ ಹೇಳಲಿ, ಅದು ನಿಂತ ಮೇಲೆ ಸ್ವರ. ಮೂರನೇ ಕಾಲದಲ್ಲಿ ವರಸೆ ಅರ್ಧ ಆವರ್ತಕ್ಕೇ ಮುಗಿಯುತ್ತದೆ. ಎರಡು ಸಲ ಹಾಡಿದರೇ ಸಮಕ್ಕೆ (ತಾಳದ ಮೊದಲ ತಟ್ಟಿಗೆ) ಬರುವುದು.

ಪ್ರಶ್ನೆ: ಅಲಂಕಾರದಲ್ಲಿ (ಬೇರೆ ಬೇರೆ ತಾಳಗಳ ಸ್ವರಪಾಠದಲ್ಲಿ) ಮಠ್ಯಕ್ಕೂ ಝಂಪೆಗೂ ಹತ್ತೇ ಅಕ್ಷರ. ಎರಡು ತಾಳ ಏಕೆ? (ಹಾಸನ)

ಉತ್ತರ: ಒಟ್ಟು ಒಂದೇ, ಒಡೆಯುವ ರೀತಿ ಬೇರೆ. ಚತುರಶ್ರ ಜಾತಿ ಮಠ್ಯ 4+2+4; ಮಿಶ್ರ ಜಾತಿ ಝಂಪೆ 7+1+2. ಒತ್ತು ಬೀಳುವ ಜಾಗ ಬದಲಾದರೆ ಹಾಡಿನ ನಡೆಯೇ ಬದಲಾಗುತ್ತದೆ. ಏಳರ ಲಘುವಿಗೆ ತಟ್ಟು, ಕಿರುಬೆರಳಿಂದ ಹೆಬ್ಬೆರಳವರೆಗೆ ಐದು ಎಣಿಕೆ, ಮತ್ತೆ ಕಿರುಬೆರಳು. ಅನುದ್ರುತಕ್ಕೆ (ನಡುವಿನ 1) ಒಂದೇ ತಟ್ಟು. ಅಭ್ಯಾಸಬಲದಿಂದ ಅದಕ್ಕೂ ಬೀಸು ಸೇರಿಸಿದರೆ ಹನ್ನೊಂದಾಗುತ್ತದೆ. ಜಾತಿಯಿಂದ ಬದಲಾಗುವುದು ಲಘು ಮಾತ್ರ (3, 4, 5, 7, 9). ಏಳು ತಾಳ, ಐದು ಜಾತಿ, ಹೀಗೆ 35.

ಪ್ರಶ್ನೆ: ಮಾಯಾಮಾಳವಗೌಳ ಹಾಡುವಾಗ ‘ರಾಗ ಬೇರೆಯಾಯಿತು’ ಎನ್ನುತ್ತಾರೆ ಮೇಷ್ಟ್ರು. ನನಗೆ ವ್ಯತ್ಯಾಸವೇ ಕೇಳಿಸದು. (ಧಾರವಾಡ)

ಉತ್ತರ: ರಿಷಭ, ಧೈವತ ಎರಡನ್ನೂ ಪರೀಕ್ಷಿಸಿ. ಈ 15ನೇ ಮೇಳದಲ್ಲಿ (ಮೂಲರಾಗದಲ್ಲಿ) ಇವೆರಡೂ ಶುದ್ಧ, ಅಂದರೆ ಅತಿ ಕೆಳಗಿನ ಬಗೆ. ರಿ ಷಡ್ಜಕ್ಕೆ, ದ ಪಂಚಮಕ್ಕೆ ಅಂಟಿಕೊಂಡಂತಿರಬೇಕು. ಮುಂದಿನ ಗಾಂಧಾರ, ನಿಷಾದ ದೂರದಲ್ಲಿರುವುದರಿಂದ ಗಂಟಲು ಮೊದಲೇ ಮೇಲೇರುತ್ತದೆ. ರಿ ಏರಿ ಚತುಶ್ರುತಿ (ಒಂದು ಮೆಟ್ಟಿಲು ಮೇಲಿನದು) ಆದರೆ ಸರಸಾಂಗಿ ರಾಗ, ದ ಏರಿದರೆ ಸೂರ್ಯಕಾಂತ, ಎರಡೂ ಏರಿದರೆ ಶಂಕರಾಭರಣ. ತಂಬೂರಿ ಹಾಕಿಕೊಂಡು ‘ಸ ರಿ ಸ’, ‘ಪ ದ ಪ’ ಎಂದಷ್ಟೇ ಉದ್ದುದ್ದ ಹಾಡಿ. ಪೂರ್ವಾಂಗ (ಸ ರಿ ಗ ಮ), ಉತ್ತರಾಂಗದ (ಪ ದ ನಿ ಸ) ಅಂತರಗಳು ಒಂದೇ ಆದ್ದರಿಂದ ಒಂದು ನಿಂತರೆ ಇನ್ನೊಂದು ಬೇಗ ಹಿಡಿತಕ್ಕೆ ಬರುತ್ತದೆ. ಪುರಂದರದಾಸರು ಪಾಠ ಶುರುಮಾಡಲು ಇದನ್ನೇ ಆರಿಸಿದರೆಂಬ ಸಂಪ್ರದಾಯಕ್ಕೆ ಈ ಅನುಕೂಲವೇ ಒಳ್ಳೆಯ ಸಮರ್ಥನೆ.

ಪ್ರಶ್ನೆ: ಭರತನಾಟ್ಯ ಸೇರಿದ್ದೇನೆ. ಅರಮಂಡಿಯಲ್ಲಿ (ಮಂಡಿ ಅಗಲಿಸಿ ಅರ್ಧ ಕೂತ ನಿಲುವಿನಲ್ಲಿ) ತಟ್ಟಡವು (ಪಾದ ತಟ್ಟುವ ಮೊದಲ ಪಾಠ) ಮಾಡಿದರೆ ಮಂಡಿ ನೋಯುತ್ತದೆ. (ಬೆಂಗಳೂರು)

ಉತ್ತರ: ಕನ್ನಡಿಯ ಮುಂದೆ ಅರಮಂಡಿ ಕೂತು ಕೆಳಗೆ ನೋಡಿ. ಮಂಡಿ ಪಾದದ ಬೆರಳುಗಳ ದಿಕ್ಕಿನಲ್ಲೇ ಇದೆಯೇ? ಪಾದ ಮಾತ್ರ ಅಗಲಕ್ಕೆ ತಿರುಗಿ ಮಂಡಿ ಮುಂದಕ್ಕೆ ಬಿದ್ದಿದ್ದರೆ ತಿರುಚುವ ಭಾರವೆಲ್ಲ ಮಂಡಿಗೇ. ಕಾಲು ತಿರುಗಬೇಕಾದದ್ದು ಸೊಂಟದ ಕೀಲಿನಿಂದ; ಅದು ಎಷ್ಟು ತಿರುಗುತ್ತದೋ ಅಷ್ಟೇ ಪಾದ ತೆರೆಯಿರಿ. ಬೆನ್ನು ನೆಟ್ಟಗಿರಲಿ, ಪೃಷ್ಠ ಹಿಂದಕ್ಕೆ ಹೋಗದಿರಲಿ. ತಟ್ಟುವಾಗ ಇಡೀ ಪಾದ ಸಮವಾಗಿ ನೆಲಕ್ಕೆ ಬೀಳಬೇಕು, ಹಿಮ್ಮಡಿ ಮೊದಲು ಬಡಿಯಬಾರದು. ಕಾಂಕ್ರೀಟ್ ಮೇಲಿನ ಮಾರ್ಬಲ್ ನೆಲಕ್ಕಿಂತ ಮರದ ನೆಲ ಎಷ್ಟೋ ವಾಸಿ. ಊತ ಬಂದಿದ್ದರೆ ಅಭ್ಯಾಸ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.