ಲಾಲ್‌ಬಾಗ್ ಮಂಜಿನ ಕಪ್ಪು-ಬಿಳುಪು ಫೋಟೋ ಯಾಕೆ ಸಪ್ಪೆ?

ಬೆಳಿಗ್ಗೆ ಬೇಗ ಎದ್ದು ಲಾಲ್‌ಬಾಗ್ ಕೆರೆಯ ಮಂಜನ್ನು ಕಪ್ಪು-ಬಿಳುಪಿನಲ್ಲಿ ತೆಗೆದರೂ ಚಳಿಯೇ ಅನ್ನಿಸದೆ ಫೋಟೋ ಸಪ್ಪೆಯಾಗಿದೆ, ಯಾಕೆ ಎಂದು ಕೇಳಿದ್ದೀರಿ. ನಿಮ್ಮ ಫೋಟೋದಲ್ಲಿ ಮಂಜು ಬೂದಿ ಬಳಿದ ಹಾಗೆ ಕಾಣುವುದಕ್ಕೆ ಕಾರಣ ಬಹುಶಃ ಕ್ಯಾಮೆರಾದ ಮೀಟರ್, ಅಂದರೆ ಬೆಳಕು ಅಳೆಯುವ ಭಾಗ. ಅದು ಕಂಡದ್ದನ್ನೆಲ್ಲ ನಡುವಿನ ಬೂದು ಮಾಡಲು ನೋಡುತ್ತದೆ. ಫ್ರೇಮ್ ತುಂಬ ಬಿಳಿ ಮಂಜೇ ಇದ್ದರೆ ಬೆಳಕು ಕಡಿಮೆ ಮಾಡಿಬಿಡುತ್ತದೆ.

ಮೊದಲು ಇರುವ ಫೋಟೋವನ್ನೇ ಸರಿಮಾಡಿ ನೋಡಿ. ಎಡಿಟಿಂಗ್ ಆ್ಯಪ್‌ನಲ್ಲಿ ಎಕ್ಸ್‌ಪೋಶರ್ (ಒಟ್ಟಾರೆ ಬೆಳಕು) ಸ್ವಲ್ಪ ಏರಿಸಿ, ಆಮೇಲೆ ಬ್ಲ್ಯಾಕ್ಸ್ (ತೀರಾ ಕಪ್ಪು ಭಾಗಗಳು) ಮಾತ್ರ ಇಳಿಸಿ. ಮುಂದಿನ ಮರದ ಕಾಂಡ ಪೂರ್ತಿ ಕಪ್ಪಾಗಬೇಕು, ಹಿಂದಿನ ಸಾಲು ಬೂದು, ಆಚೆ ದಡ ಇದ್ದೂ ಇಲ್ಲದ ಹಾಗೆ. ಚಳಿ ಅನ್ನಿಸುವುದು ಈ ಪದರಗಳಿಂದಲೇ. ಮಬ್ಬು ತೆಗೆಯುವ ಡಿಹೇಜ್ ಸ್ಲೈಡರ್ ಜಾಸ್ತಿ ಎಳೆಯಬೇಡಿ, ಮಂಜನ್ನೇ ಒರೆಸಿ ಹಾಕುತ್ತದೆ. ಆಮೇಲೆ ಸುಮ್ನೆ ಅಷ್ಟು ಬೇಗ ಎದ್ದಂಗಾಯ್ತು, ಅಲ್ವಾ?

ಮುಂದಿನ ಸಲ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1 ಇಟ್ಟು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲು) ತೆಗೆಯಿರಿ. ಕಪ್ಪು-ಬಿಳುಪು ಮನೆಗೆ ಬಂದು ಮಾಡಿ. ತೆಗೆಯುವಾಗ ಹಿಸ್ಟೋಗ್ರಾಮ್ (ಕಪ್ಪಿನಿಂದ ಬಿಳಿಯವರೆಗಿನ ಬೆಳಕನ್ನು ತೋರಿಸುವ ಗ್ರಾಫ್) ಬಲತುದಿಗೆ, ಅಂದರೆ ಪೂರ್ತಿ ಬಿಳಿಯ ಕಡೆಗೆ, ಅಂಟಿಕೊಳ್ಳದಿದ್ದರೆ ಸಾಕು. ಜನವರಿಯಲ್ಲಿ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6.45ಕ್ಕೆ, ಅದಕ್ಕೆ ಮುಂಚೆಯೇ ಜಾಗ ಹಿಡಿಯಿರಿ. ಬೆಳಕು ಮರಗಳ ಹಿಂದಿನಿಂದ ಬರುವ ಹಾಗೆ ನಿಲ್ಲಿ.

ಇಷ್ಟಾದರೂ ಮಬ್ಬಾಗಿದ್ದರೆ ಲೆನ್ಸ್ ಮೇಲೆ ತೇವ ಕೂತಿರಲೂಬಹುದು. ಫೋಟೋ ನೋಡಿ ಅದನ್ನು ಖಚಿತವಾಗಿ ಹೇಳುವುದು ಕಷ್ಟ. ಜೇಬಿನಲ್ಲಿ ಒಂದು ಒಣ ಲೆನ್ಸ್ ಬಟ್ಟೆ ಇಟ್ಟುಕೊಳ್ಳಿ.