ಒಂದೇ ಬಿಯರಿಗೆ ಹತ್ತು ಸಾವಿರ ಜಾಸ್ತಿಯಾಯಿತಾ?

ನೀವು ಕೇಳಿದ್ದು ಇಷ್ಟು: ನಿಮ್ಮ ಭಾವ ಬೀದರಿನಿಂದ ಕಲಬುರಗಿಗೆ ಲಗ್ನಕ್ಕೆ ಬಂದಿದ್ದರು. ಒಂದೇ ಬಿಯರ್ ಕುಡಿದು ಸ್ಕೂಟರ್ ಹತ್ತಿದರು. ರಿಂಗ್ ರೋಡಿನಲ್ಲಿ ಸಿಕ್ಕಿಬಿದ್ದರು. ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿ ಬಂದರು. ಯಾರಿಗೂ ಒಂದು ಗೀರು ಕೂಡ ಆಗಿಲ್ಲ. ಇಷ್ಟು ದಂಡ ಅನ್ಯಾಯ ಅಲ್ವಾ?

ಉತ್ತರ ಹೇಳುವ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಿಮ್ಮ ಭಾವ ನಿಂತ ಸಾಲಿನಲ್ಲಿ ನಾನೂ ನಿಂತು ಬಂದವನು. ಅವರ ಹಾಗೆ ನನ್ನದೂ ‘ಒಂದೇ ಬಿಯರ್’.

ನಾನು ಇಲ್ಲೇ ಕಲಬುರಗಿಯ ಒಂದು ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಲಗ್ನಸರಾಯಿ ಶುರುವಾಗಿತ್ತು. ಹುಮನಾಬಾದ್ ರೋಡಿನ ಒಂದು ಧಾಬಾದಲ್ಲಿ ದೋಸ್ತರ ಊಟ. ಒಂದು ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್, ಮೇಲೆ ಹೊಟ್ಟೆ ತುಂಬ ಊಟ. ಎದ್ದಾಗ ಕಾಲು ನೆಟ್ಟಗೇ ಇತ್ತು, ಮಾತು ತೊದಲುತ್ತಿರಲಿಲ್ಲ. ಒಬ್ಬ ದೋಸ್ತ ಗಾಡಿಯ ಚಾವಿ ನನ್ನ ಕೈಗೆ ಕೊಟ್ಟು, ‘ನೀ ಏನೂ ಕುಡ್ದಂಗೇ ಇಲ್ಲ, ಹೋಗಲೇ’ ಅಂದ. ಹೋದೆ. ಊರು ಹೊಕ್ಕಲ್ಲೇ ಬ್ಯಾರಿಕೇಡ್.

‘ಊದ್ರಿ.’ ಊದಿದೆ. ‘ಜೋರಾಗಿ ಊದ್ರಿ, ಪೀಪಿ ಊದಿಲ್ಲೇನ್ ಯಾವತ್ತೂ?’ ಮತ್ತೆ ಊದಿದೆ. ಮಷೀನಿನಲ್ಲಿ 78 ಬಂತು. ‘ಒಂದೇ ಬಿಯರ್ ರೀ ಸಾಹೇಬ್ರ’ ಅಂದೆ. ‘ಎಲ್ಲಾರದೂ ಒಂದೇ ಇರ್ತದ’ ಅಂದರು.

ನಮ್ಮ ಕಾನೂನಿನ ಮಿತಿ 30. ಅಂದರೆ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ ಆಲ್ಕೋಹಾಲ್. ಇಂಗ್ಲೆಂಡಿನಲ್ಲಿ ಈ ಮಿತಿ 80, ಅಲ್ಲಾಗಿದ್ದರೆ ಎರಡು ಪಾಯಿಂಟಿನಲ್ಲಿ ಬಚಾವ್ ಆಗುತ್ತಿದ್ದೆ! ಸ್ವೀಡನ್ನಿನಲ್ಲಿ 20. ಆ ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕದವನಲ್ವಾ, ಕಾಗದ ಪೆನ್ನು ಹಿಡಿದು ಕೂತೆ.

650 ಮಿ.ಲೀ. ಬಾಟಲಿ, ಅದರಲ್ಲಿ ಶೇಕಡಾ 8 ಆಲ್ಕೋಹಾಲ್ ಅಂತ ಹಿಡಿಯಿರಿ. ತೂಕ ಹಾಕಿದರೆ ಸುಮಾರು 41 ಗ್ರಾಂ ಆಗುತ್ತದೆ. 30 ಮಿ.ಲೀ.ಯ ಒಂದು ಪೆಗ್ ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಹಾಗಾಗಿ ನನ್ನ ಒಂದು ಬಿಯರ್ ಅಂದರೆ ನಾಲ್ಕು ಪೆಗ್. ‘ನಾನು ದಾರು ಮುಟ್ಟಲ್ಲ, ಬರೀ ಬಿಯರ್’ ಅಂತ ನಾವು ದೊಡ್ಡಸ್ತಿಕೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದರ ಬಂಡವಾಳ ಇಷ್ಟೇ. 60 ಕಿಲೋ ತೂಕದ ಗಂಡಸಿಗೆ ಒಂದು ಪೆಗ್ಗಿಗೆ ರಕ್ತದಲ್ಲಿ ಸುಮಾರು 25 ಏರುತ್ತದೆ. ಒಂದು ಪೆಗ್ ದಾಟಿದರೆ ಮಿತಿಯೂ ದಾಟಿತು. ಇಳಿಯುವುದು ಮಾತ್ರ ನಿಧಾನ, ತಾಸಿಗೆ 15ರ ಆಸುಪಾಸು. ಲಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ, ಯಾವುದರಿಂದಲೂ ಆ ವೇಗ ಹೆಚ್ಚುವುದಿಲ್ಲ. ಆದ್ದರಿಂದ ನಿಮ್ಮ ಭಾವ ಕುಡಿದದ್ದು ಸ್ವಲ್ಪವೇ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೇಜಾರಾಗಬೇಡಿ.

ದಂಡದ ಮಾತು ಬೇರೆ. ಅದರ ಬಗ್ಗೆ ನಿಮ್ಮ ಸಿಟ್ಟಿನಲ್ಲಿ ಅರ್ಧ ನನಗೂ ಇದೆ.

ಬೇರೆ ತಪ್ಪುಗಳಿಗೆ ರಸ್ತೆಯಲ್ಲೇ ದಂಡ ಕಟ್ಟಿ ರಶೀದಿ ತೆಗೆದುಕೊಂಡು ಹೋಗಬಹುದು. ಕುಡಿದ ಕೇಸಿಗೆ ಹಾಗಿಲ್ಲ, ಕೋರ್ಟಿಗೇ ಹೋಗಬೇಕು. ಹೋದೆ. ಮಿಲ್ಲಿನಲ್ಲಿ ಹೊಟ್ಟೆನೋವು ಅಂತ ಸುಳ್ಳು ಹೇಳಿದ್ದೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬ ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ಓಡಿಸುವ ಅಣ್ಣ ನಿಂತಿದ್ದ. ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಚೀಲ ಹೇರುವವನು, ಮುಖ ನೋಡಿದ ನೆನಪಿತ್ತು. ಹಿಂದೆ ಇಸ್ತ್ರಿ ಅಂಗಿಯ ಒಬ್ಬರು, ಹೊರಗೆ ಅವರ ದೊಡ್ಡ ಬಿಳಿ ಕಾರು. ಮೂವರಿಗೂ ಒಂದೇ ದಂಡ, ಹತ್ತು ಸಾವಿರ. ಟಂಟಂ ಅಣ್ಣ ಅಂಗಿಯ ಒಳಜೇಬಿನಿಂದ ನೋಟು ತೆಗೆದು ಮೂರು ಸಲ ಎಣಿಸಿದ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯ ಸಾಲವಂತೆ. ನಾನು ಹೆಂಡತಿಯ ಚೀಟಿ ದುಡ್ಡು ತಂದಿದ್ದೆ, ಆ ಕಥೆ ಇಲ್ಲಿ ಬೇಡ. ಕಾರಿನವರು ಇಡೀ ಹೊತ್ತು ಫೋನಿನಲ್ಲಿ ಯಾವುದೋ ಸೈಟಿನ ವ್ಯವಹಾರ ಮಾತಾಡುತ್ತಿದ್ದರು. ದುಡ್ಡು ಕಟ್ಟುವಾಗಲೂ ಫೋನ್ ಕಿವಿಯಲ್ಲೇ ಇತ್ತು.

ಜಡ್ಜ್ ಸಾಹೇಬರು ಬಡವ ಅಂತ ಕಡಿಮೆ ಮಾಡಬಾರದೇ ಅಂತ ಆಗ ನನಗೂ ಅನಿಸಿತ್ತು. ಆಮೇಲೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಓದಿದೆ. ಜೈಲಿನ ಬಗ್ಗೆ ‘ಆರು ತಿಂಗಳವರೆಗೆ’ ಅಂತಿದೆ. ದಂಡದ ಬಗ್ಗೆ ‘ವರೆಗೆ’ ಅನ್ನುವ ಮಾತೇ ಇಲ್ಲ, ಸೀದಾ ಹತ್ತು ಸಾವಿರ. ಎರಡನೇ ಸಲ ಸಿಕ್ಕರೆ ಹದಿನೈದು ಸಾವಿರ, ಜೈಲು ಎರಡು ವರ್ಷದವರೆಗೆ. 2019ರ ಸೆಪ್ಟೆಂಬರ್ 1ರಿಂದ ಹೀಗಿದೆ. ಅದಕ್ಕೂ ಮುಂಚೆ ಮೊದಲ ಸಲಕ್ಕೆ ಎರಡು ಸಾವಿರದವರೆಗೆ ಇತ್ತು.

ಎರಡಿದ್ದದ್ದು ಹತ್ತಾಯಿತು, ಐದು ಪಟ್ಟು ಅಂತ ಎಲ್ಲರೂ ಬಾಯಿ ಬಡಿದುಕೊಂಡರು. ನಾನೂ ಬಡಿದುಕೊಂಡಿದ್ದೆ. ಆದರೆ ಆ ಕಾಯ್ದೆ ಜಾರಿಗೆ ಬಂದದ್ದು 1989ರಲ್ಲಿ. ಆಗ ಹತ್ತು ಗ್ರಾಂ ಬಂಗಾರಕ್ಕೆ ಮೂರು ಸಾವಿರದ ಆಸುಪಾಸು ಇತ್ತು. ಎರಡು ಸಾವಿರ ಅಂದರೆ ಆರು ಗ್ರಾಂ ಬಂಗಾರ. ಇವತ್ತಿನ ಹತ್ತು ಸಾವಿರಕ್ಕೆ ಒಂದು ಗ್ರಾಂ ತರುವುದೂ ಕಷ್ಟ. ಬಂಗಾರದಲ್ಲಿ ತೂಗಿದರೆ ದಂಡ ಇಳಿದಿದೆ! ಸರಾಫ ಬಜಾರದ ಲೆಕ್ಕ ಅಂತ ನಗಬೇಡಿ. ಮೂವತ್ತು ವರ್ಷ ಒಂದೇ ಅಂಕಿ ಇಟ್ಟುಕೊಂಡು ಕೂತಿದ್ದರಿಂದ ಏರಿಸಿದಾಗ ಹಾಗೆ ಕಂಡಿತು, ಅಷ್ಟೇ.

ಹಾಗಾಗಿ ಹತ್ತು ಸಾವಿರ ಎಲ್ಲರಿಗೂ ಜಾಸ್ತಿ ಅಂತ ನಾನು ಹೇಳಲಾರೆ. ಟಂಟಂ ಅಣ್ಣನಿಗೆ ಅದು ಒಂದು ತಿಂಗಳ ಸಂಸಾರ. ಕಾರಿನವರಿಗೆ ಒಂದು ಸಂಜೆಯ ಬಿಲ್ಲು. ಫಿನ್ಲೆಂಡಿನಲ್ಲಿ ಇಂಥ ದಂಡವನ್ನು ಮನುಷ್ಯನ ದಿನದ ಗಳಿಕೆ ನೋಡಿ ಹಾಕುತ್ತಾರೆ. ನಮ್ಮಲ್ಲಿ ಗಳಿಕೆ ಎಷ್ಟು ಅಂತ ಕೇಳಿದರೆ ಕಾರಿನವರು ಟಂಟಂ ಅಣ್ಣನಿಗಿಂತ ಕಡಿಮೆ ತೋರಿಸಿಯಾರು, ಆ ಮಾತು ಬೇರೆ.

ಇನ್ನು ಲೈಸೆನ್ಸು. ಈ ಕೇಸಿನಲ್ಲಿ ಶಿಕ್ಷೆಯಾದರೆ ಕಮ್ಮಿಯೆಂದರೂ ಆರು ತಿಂಗಳು ಲೈಸೆನ್ಸ್ ತಡೆಹಿಡಿಯಬೇಕು ಅಂತ ಕಾನೂನೇ ಹೇಳುತ್ತದೆ. ನನ್ನದೂ ಹೋಯಿತು. ಓದುವಾಗ ಇದೇ ನಿಜವಾದ ಪೆಟ್ಟು ಅನಿಸುತ್ತದೆ. ಕಾರಿನವರೂ ಆರು ತಿಂಗಳು ಆಟೋ ಹತ್ತಬೇಕಲ್ಲ! ಆದರೆ ನಾನು ಏನು ಮಾಡಿದೆ ಗೊತ್ತಾ? ಎರಡು ತಿಂಗಳು ಸಿಟಿ ಬಸ್ಸಿನಲ್ಲಿ ಓಡಾಡಿದೆ. ಮೂರನೇ ತಿಂಗಳು ಮಗಳಿಗೆ ಜ್ವರ ಬಂತು, ಗಾಡಿ ತೆಗೆದೆ. ಆಮೇಲೆ ಜ್ವರ ಇಳಿದರೂ ಗಾಡಿ ಒಳಗೆ ಹೋಗಲಿಲ್ಲ. ಹಾಗೆ ಓಡಿಸಿದರೆ ಮತ್ತೆ ಹತ್ತು ಸಾವಿರ, ಇಲ್ಲಾ ಮೂರು ತಿಂಗಳವರೆಗೆ ಜೈಲು ಅಂತ ಗೊತ್ತಿತ್ತು. ಜಗತ್ ಸರ್ಕಲ್ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬರೂ ನಿಲ್ಲಿಸಲಿಲ್ಲ. ನಾಲ್ಕು ತಿಂಗಳಲ್ಲಿ ಒಬ್ಬರೂ ‘ಲೈಸೆನ್ಸ್ ತೋರಿಸ್ರಿ’ ಅನ್ನಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತಿದ್ದೇನೆ. ಅತಿ ಕಠಿಣ ಅನ್ನಿಸುವ ಶಿಕ್ಷೆ ನನ್ನ ಮಟ್ಟಿಗೆ ಕಾಗದದ ಮೇಲೇ ಉಳಿಯಿತು.

ಊದಿಸುವುದೂ ಹಾಗೇ. ನಾನು ಕಂಡಂತೆ ಅದು ಊರೊಳಗೆ, ಅದೂ ರಾತ್ರಿ. ಹಳ್ಳಿಯ ರಸ್ತೆಯಲ್ಲಿ ಯಾರೂ ಊದಿಸಿದ್ದು ನೋಡಿಲ್ಲ. ತೊಗರಿ ಸುಗ್ಗಿಯಲ್ಲಿ ಸೇಡಂ, ಚಿಂಚೋಳಿ, ಆಳಂದ ಕಡೆಯಿಂದ ಟ್ರ್ಯಾಕ್ಟರುಗಳು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಬರುತ್ತವೆ. ಕ್ರೂಸರಿನಲ್ಲಿ ಕೂಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಾರೆ. ಆ ಡ್ರೈವರುಗಳನ್ನು ಊದಿಸುವವರು ಯಾರು? ಬೆಳಗಿನ ಹೊತ್ತು ಇನ್ನೂ ಕಷ್ಟ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್, ಅಂದರೆ ಆರು ಪೆಗ್, ಮುಗಿಸಿದವನ ರಕ್ತದಲ್ಲಿ 150ರ ಸುತ್ತ ಇರುತ್ತದೆ. ನಸುಕಿನ ಐದಕ್ಕೆ ಎದ್ದು, ಮುಖ ತೊಳೆದು, ಚಹಾ ಕುಡಿದು, ವಿಭೂತಿ ಹಚ್ಚಿಕೊಂಡು ಲಾರಿ ಹತ್ತಿದಾಗಲೂ 60. ಮಿತಿಯ ಎರಡು ಪಟ್ಟು. ಅವನು ನಿಮಗೆ ಆಣೆ ಮಾಡಿ ಹೇಳುತ್ತಾನೆ, ಕುಡಿದಿಲ್ಲ ಅಂತ. ಅವನ ಪ್ರಕಾರ ಅದು ನಿನ್ನೆಯದು. ನಮ್ಮ ಮಿಲ್ಲಿನಲ್ಲಿ ನಸುಕಿನ ಲೋಡಿಗೆ ಬರುವ ಡ್ರೈವರನ್ನು ಈಗ ನಾನೇ ಹತ್ತಿರ ಕರೆದು ಮಾತಾಡಿಸುತ್ತೇನೆ. ವಾಸನೆ ಬಂದರೆ ಚೀಲದ ಮೇಲೆ ಮಲಗಿಸುತ್ತೇನೆ. ಮಾಲೀಕರು ಗೊಣಗುತ್ತಾರೆ.

ಗೊಣಗಿದಾಗ ಇನ್ಶೂರೆನ್ಸ್ ನೆನಪಿಸುತ್ತೇನೆ. ಡ್ರೈವರ್ ಕುಡಿದಿದ್ದ ಅಂತ ಗೊತ್ತಾದರೆ ನಮ್ಮ ಲಾರಿ ರಿಪೇರಿಯ ದುಡ್ಡು ಕಂಪನಿ ಕೊಡುವುದಿಲ್ಲ. ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟರೂ, ಆಮೇಲೆ ಅದನ್ನು ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಅಂತ ಕೋರ್ಟುಗಳು ಆದೇಶ ಮಾಡುವುದುಂಟು. ಅಂಥ ಮೊತ್ತ ಲಕ್ಷಗಳಲ್ಲಿರುತ್ತದೆ. ಹತ್ತು ಸಾವಿರದ ಬಗ್ಗೆ ಇಷ್ಟು ಜಗಳ ಆಡುವ ನಾವು ಇದನ್ನು ಯಾಕೋ ಮಾತೇ ಆಡುವುದಿಲ್ಲ. ಇನ್ನೊಂದು: ಕುಡಿದವನಿಗೆ ಓಡಿಸು ಅಂತ ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಅಂತ 188ನೇ ಕಲಂ ಇದೆ. ನನಗೆ ಚಾವಿ ಕೊಟ್ಟ ದೋಸ್ತನಿಗೆ ಇದನ್ನು ತೋರಿಸಿದೆ. ಅವತ್ತಿನಿಂದ ಊಟಕ್ಕೆ ಕರೆದಿಲ್ಲ.

ನಮ್ಮ ಕಾನೂನು ಮೆತ್ತಗಾಗುವುದು ಜೀವ ಹೋದ ಮೇಲೆ. ಮುಂಬೈಯಲ್ಲಿ 2006ರ ನವೆಂಬರಿನಲ್ಲಿ ಒಬ್ಬ ಯುವಕ ಕುಡಿದು ಕಾರ್ಟರ್ ರೋಡಿನ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಕಾರು ಹಾಯಿಸಿದ. ಏಳು ಜನ ಸತ್ತರು. ಕೆಳಗಿನ ಕೋರ್ಟು ಕೊಟ್ಟದ್ದು ಆರು ತಿಂಗಳು. ಹೈಕೋರ್ಟು ಇನ್ನೂ ಕಠಿಣವಾದ ಬೇರೆ ಕಲಂ ಹಚ್ಚಿ ಅದನ್ನು ಮೂರು ವರ್ಷಕ್ಕೆ ಏರಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜೀವಕ್ಕೆ ಮೂರು ವರ್ಷ. ಯಾದಗಿರಿ, ಚಿತ್ತಾಪುರದ ಕಡೆಯಿಂದ ಮುಂಬೈ, ಪುಣೆಗೆ ಗುಳೆ ಹೋಗುವ ನಮ್ಮ ಜನರೂ ಹಾಗೇ ರಸ್ತೆ ಬದಿಯಲ್ಲಿ ಮಲಗುತ್ತಾರೆ. ಅದಕ್ಕೇ ಆ ಸುದ್ದಿ ಓದುವಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ. ಅಜಾಗರೂಕತೆಯಿಂದ ಸಾವು ಅನ್ನುವ ಕಲಮಿನಲ್ಲಿ ಮೊದಲು ಎರಡು ವರ್ಷದವರೆಗೆ ಮಾತ್ರ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಹೊಸ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಆಗಿದೆ. ನನ್ನ ಕೇಳಿದರೆ ಇದಿನ್ನೂ ಕಡಿಮೆಯೇ. ಕುಡಿದಿರುವುದು ಗೊತ್ತಿದ್ದೂ ಗಾಡಿ ಹತ್ತಿದವನದು ಅಜಾಗರೂಕತೆ ಹೇಗಾಗುತ್ತದೆ?

ಅಂದರೆ, ಯಾರಿಗೂ ಏನೂ ಮಾಡದೆ ಸಿಕ್ಕ ಬಡವನಿಗೆ ದಂಡ ಭಾರವಾಯಿತು, ಜೀವ ತೆಗೆದವನಿಗೆ ಶಿಕ್ಷೆ ಹಗುರಾಯಿತು. ದುಡ್ಡಿನ ದಂಡ ಸ್ವಲ್ಪ ಇಳಿಸಲಿ, ನನ್ನ ತಕರಾರಿಲ್ಲ. ಬದಲಿಗೆ ಆರು ತಿಂಗಳು ಲೈಸೆನ್ಸ್ ತಡೆದರೆ ಅದು ಖರೇ ತಡೆಯಲಿ. ಟಂಟಂನವನಿಗೆ ಲೈಸೆನ್ಸೇ ರೊಟ್ಟಿ, ಅವನಿಗೆ ಇದೂ ಭಾರ ಅನ್ನುವಿರಿ. ಹೌದು, ಭಾರವೇ. ಆದರೆ ಅವನ ಗಾಡಿಯಲ್ಲಿ ಹತ್ತು ಜನ ಕೂರುತ್ತಾರೆ. ಇಲ್ಲಿ ನನಗೆ ಕರುಣೆ ಸ್ವಲ್ಪ ಕಮ್ಮಿ.

ನಿಮ್ಮ ಭಾವನವರಿಗೆ ಕೋರ್ಟಿನ ರಶೀದಿ ಜೋಪಾನವಾಗಿ ಇಡಲು ಹೇಳಿ. ಲೈಸೆನ್ಸ್ ಯಾವ ತಾರೀಖಿಗೆ ವಾಪಸ್ ಸಿಗುತ್ತದೆ ಅಂತ ಬರಹದಲ್ಲಿ ತೆಗೆದುಕೊಳ್ಳಲಿ. ಅಲ್ಲಿಯವರೆಗೆ ನನ್ನಂತೆ ಕದ್ದು ಓಡಿಸುವುದು ಬೇಡ.

ಆ ಟಂಟಂ ಅಣ್ಣ ಮೊನ್ನೆ ಗಂಜಿನಲ್ಲಿ ಸಿಕ್ಕಿದ್ದ. ಸಾಲದ ಅಸಲು ಇನ್ನೂ ಎರಡು ಸಾವಿರ ಬಾಕಿ ಇದೆಯಂತೆ. ಕುಡಿಯುವುದು ಬಿಟ್ಟೆಯೇನೋ ಅಂದೆ. ‘ಎಲ್ಲಿ ಬಿಡ್ತೀನ್ರಿ ಮುನೀಮ್ರ’ ಅಂತ ನಕ್ಕ, ‘ಗಾಡಿ ಮನೀ ಮುಂದ ಹಚ್ಚಿ, ಚಾವಿ ಅವ್ವನ ಕೈಯಾಗ ಕೊಟ್ಟು, ಆಮ್ಯಾಲ ನಡ್ಕೊಂತ ಹೋಗ್ತೀನಿ.’