ಫೈರ್‌ವಾಲ್ ನೋಡಿಕೊಳ್ಳುವ ಎಐ ಏಜೆಂಟ್‌ಗೆ ಟೂಲ್ ವಿವರಣೆ ಹೇಗೆ ಬರೆಯಬೇಕು?

ನಿಮ್ಮ ಏಜೆಂಟ್‌ಗೆ ಎಂಟು ಟೂಲ್ (ಅದು ಕರೆದು ಓಡಿಸುವ ಕೋಡ್) ಕೊಟ್ಟಿದ್ದೀರಿ, ಯಾವುದನ್ನು ಯಾವಾಗ ಬಳಸಬೇಕು ಅಂತ ಅದು ಓದಿ ತಿಳಿಯಲು ಒಂದೊಂದಕ್ಕೂ ಒಂದು ವಿವರಣೆ ಬರೆದಿದ್ದೀರಿ. ಅದು ಕೆಲವೊಮ್ಮೆ ತಪ್ಪು ಟೂಲ್ ಹಿಡಿಯುತ್ತದೆ, ಕೆಲವೊಮ್ಮೆ ಸರಿಯಾದ ಟೂಲನ್ನೇ ತಪ್ಪಾಗಿ ಬಳಸುತ್ತದೆ. ಮಾಡೆಲ್ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ಮಾಡೆಲ್ ವಿಷಯ ಆಮೇಲೆ ನೋಡೋಣ. ಮೊದಲು ಆ ಎಂಟೂ ವಿವರಣೆಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದು, ನಿಮ್ಮ ನೆಟ್‌ವರ್ಕನ್ನು ಒಂದು ದಿನವೂ ನೋಡಿರದ ಇಂಜಿನಿಯರ್ ಒಬ್ಬರ ಕೈಗೆ ಕೊಡಿ. ಅವರು ಏನೇನು ತಿರುಗಿ ಕೇಳುತ್ತಾರೋ, ಅದೆಲ್ಲ ನೀವು ಬರೆಯದೆ ಬಿಟ್ಟಿರುವುದು.

ನನ್ನದೇ ಪೆದ್ದತನ ಹೇಳುತ್ತೇನೆ. ಲ್ಯಾಬ್‌ನಲ್ಲಿದ್ದ ಒಂದು ಲಿನಕ್ಸ್ ಮಷೀನ್‌ಗೆ ಏಜೆಂಟ್ ಜೋಡಿಸಿದ್ದೆ. ಟೂಲ್ ಹೆಸರು 'ಆ್ಯಡ್ ರೂಲ್'. ವಿವರಣೆ ಒಂದೇ ಸಾಲು: 'ಫೈರ್‌ವಾಲ್‌ಗೆ ರೂಲ್ ಸೇರಿಸುತ್ತದೆ.' 198.51.100.20 ಅನ್ನೋ ಐಪಿಯಿಂದ 443ನೇ ಪೋರ್ಟ್‌ಗೆ ದಾರಿ ಬಿಡು ಅಂದೆ. ಟೂಲ್ ಒಳಗೆ ಓಡುತ್ತಿದ್ದದ್ದು ಲಿನಕ್ಸ್‌ನ ಫೈರ್‌ವಾಲ್ ಕಮಾಂಡ್ ಐಪಿಟೇಬಲ್ಸ್‌ನ 'ಮೈನಸ್ ಎ', ಅಂದರೆ ಪಟ್ಟಿಯ ಕೊನೆಗೆ ಸೇರಿಸುವುದು. ಅಲ್ಲಿ 'ಉಳಿದದ್ದೆಲ್ಲ ಡ್ರಾಪ್' (ಒಳಗೆ ಬಿಡದೆ ಬಿಸಾಡು) ಅನ್ನೋ ರೂಲ್ ಆಗಲೇ ಕೂತಿತ್ತು. ಐಪಿಟೇಬಲ್ಸ್ ಮೇಲಿಂದ ಓದುತ್ತಾ ಬರುತ್ತದೆ, ಮೊದಲು ಹೊಂದಿದ ಡ್ರಾಪ್‌ನಲ್ಲೇ ಪ್ಯಾಕೆಟ್ ಕಥೆ ಮುಗಿಯುತ್ತದೆ. ಅದರ ಕೆಳಗೆ ಕೂತ ಹೊಸ ರೂಲ್‌ಗೆ ಸರದಿಯೇ ಬರಲಿಲ್ಲ.

ಟೂಲ್ ಮಾತ್ರ 'ಸಕ್ಸಸ್' ಅಂತು. ಅದನ್ನು ನಂಬಿ ಏಜೆಂಟ್ 'ಪೋರ್ಟ್ ಓಪನ್ ಆಯ್ತು' ಅಂತ ನನಗೆ ಹೇಳಿತು. ಆಗಿಲ್ಲ ಅಂದೆ. ಮತ್ತೆ ಅದೇ ರೂಲ್ ಸೇರಿಸಿತು. ಇನ್ನೊಂದು ಸಲವೂ ಅದನ್ನೇ ಮಾಡಿತು. ಆಮೇಲೆ ಪಟ್ಟಿ ತೆಗೆದು ನೋಡಿ, ಡ್ರಾಪ್ ರೂಲನ್ನೇ ಅಳಿಸಲಾ ಅಂತ ಕೇಳಿತು! ಅದಕ್ಕೆ ಗೊತ್ತಿದ್ದಷ್ಟರಲ್ಲಿ ಅದರ ಲೆಕ್ಕ ಸರಿಯೇ ಇತ್ತು, ಅಲ್ವಾ? ಮೇಲೆ ಸೇರಿಸುವ ದಾರಿ ಒಂದಿದೆ ಅಂತ ನಾನು ಹೇಳಿರಲೇ ಇಲ್ಲ.

ಟೂಲನ್ನೂ ತಿದ್ದಿ ವಿವರಣೆಯನ್ನೂ ಮತ್ತೆ ಬರೆದೆ. ಈಗ ಹೀಗಿದೆ ('ಇನ್‌ಪುಟ್ ಚೈನ್' ಅಂದರೆ ಮಷೀನ್‌ಗೆ ಒಳಬರುವ ಟ್ರಾಫಿಕ್‌ನ ರೂಲ್ ಪಟ್ಟಿ):

'ಇನ್‌ಪುಟ್ ಚೈನ್‌ಗೆ ಒಂದು ಅಲೋ ರೂಲ್ ಸೇರಿಸುತ್ತದೆ. ರೂಲ್‌ಗಳನ್ನು ಮೇಲಿಂದ ಕೆಳಕ್ಕೆ ಓದಲಾಗುತ್ತದೆ, ಮೊದಲು ಹೊಂದಿದ್ದೇ ಅಂತಿಮ. ಹಾಗಾಗಿ ಸ್ಥಾನದ ಸಂಖ್ಯೆ ಕಡ್ಡಾಯ. ಮೊದಲು ಪಟ್ಟಿ ತೋರಿಸುವ ಟೂಲ್ ಓಡಿಸಿ, ಡ್ರಾಪ್ ರೂಲ್ ಎಷ್ಟನೆಯದು ನೋಡಿ, ಅದಕ್ಕಿಂತ ಮೇಲೆ ಸೇರಿಸಿ. ಇದೇ ರೂಲ್ ಆಗಲೇ ಇದ್ದರೆ ಮತ್ತೆ ಸೇರಿಸುವುದಿಲ್ಲ, ಅದರ ಸಂಖ್ಯೆ ಹೇಳುತ್ತದೆ. ಟ್ರಾಫಿಕ್ ನಿಜಕ್ಕೂ ಹೋಗುತ್ತಿದೆಯೇ ಅಂತ ಪರೀಕ್ಷಿಸುವುದಿಲ್ಲ. ಮಷೀನ್ ರೀಬೂಟ್ ಆದರೆ ರೂಲ್ ಉಳಿಯುವುದಿಲ್ಲ. ಉಳಿಸಲು ಸೇವ್ ಟೂಲ್ ಬಳಸಿ.'

ಇದರಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು 'ಇಲ್ಲ' ಅನ್ನುವ ವಾಕ್ಯಗಳು. ಟೂಲ್ ಏನು ಮಾಡುತ್ತದೆ ಅಂತ ಹೆಸರಿನಿಂದಲೇ ಅರ್ಧ ಗೊತ್ತಾಗುತ್ತದೆ. ಏನು ಮಾಡುವುದಿಲ್ಲ ಅಂತ ನೀವು ಬರೆಯದಿದ್ದರೆ ಗೊತ್ತಾಗುವುದಿಲ್ಲ. ಐಪಿ ಬ್ಲಾಕ್ ಮಾಡುವ ಟೂಲ್ ನೋಡಿ. ಪಟ್ಟಿಯ ಮೇಲ್ಗಡೆ 'ಎಸ್ಟಾಬ್ಲಿಷ್ಡ್ ಕನೆಕ್ಷನ್‌ಗಳನ್ನು ಬಿಡು' ಅನ್ನೋ ರೂಲ್ ಇರುವುದು ಮಾಮೂಲು. ಅದರ ಕೆಳಗೆ ಬ್ಲಾಕ್ ಹಾಕಿದರೆ ಹೊಸ ಕನೆಕ್ಷನ್ ನಿಲ್ಲುತ್ತದೆ, ಈಗಾಗಲೇ ಒಳಗೆ ಕೂತಿರುವವನು ಆರಾಮಾಗಿ ಕೂತೇ ಇರುತ್ತಾನೆ. ಇದನ್ನು ಬರೆದಿಲ್ಲ ಅಂದರೆ ಏಜೆಂಟ್ 'ದಾಳಿ ನಿಂತಿತು' ಅಂತ ಟಿಕೆಟ್ ಮುಚ್ಚುತ್ತದೆ.

'ಮಾಡೆಲ್‌ಗೆ ಇದೆಲ್ಲ ಮೊದಲೇ ಗೊತ್ತಿರಲ್ವಾ?' ಅಂತ ನಮ್ಮ ಟೀಮ್‌ನಲ್ಲೂ ಕೇಳಿದರು. ಗೊತ್ತು. ಬಿಎಸ್‌ಡಿ ಸಿಸ್ಟಮ್‌ಗಳ ಫೈರ್‌ವಾಲ್ ಆದ ಪಿಎಫ್‌ನಲ್ಲಿ 'ಕ್ವಿಕ್' ಹಾಕದಿದ್ದರೆ ಕೊನೆಗೆ ಹೊಂದಿದ ರೂಲ್ ಗೆಲ್ಲುತ್ತದೆ, ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ ಕ್ರಮವೂ ಇಲ್ಲ, ಡಿನೈ ರೂಲೂ ಇಲ್ಲ, ಪಾಲೋ ಆಲ್ಟೋ ಕಂಪನಿಯ ಫೈರ್‌ವಾಲ್‌ನಲ್ಲಿ ಕಮಿಟ್ ಕೊಡುವವರೆಗೆ ಬದಲಾವಣೆ ಬರೀ ಕರಡು. ಇಷ್ಟೂ ಕೇಳಿದರೆ ಹೇಳುತ್ತದೆ. ಆದರೆ ನಿಮ್ಮ 'ಆ್ಯಡ್ ರೂಲ್' ಹಿಂದೆ ಇವುಗಳಲ್ಲಿ ಯಾವುದು ಕೂತಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಪ್ಯಾರಾಮೀಟರ್‌ಗಳಿಗೂ ಒಂದೊಂದು ಸಾಲು ಉದಾಹರಣೆ ಸಮೇತ ಬರೆಯಿರಿ. 'ಮಾಸ್ಕ್' ಅಂತ ಸುಮ್ನೆ ಬಿಟ್ಟರೆ ಸಾಲದು. ಸಿಸ್ಕೋ ರೂಟರ್‌ಗಳ ಐಒಎಸ್‌ನ ಎಸಿಎಲ್ (ಯಾರನ್ನು ಬಿಡಬೇಕು, ಬಿಡಬಾರದು ಅನ್ನುವ ಪಟ್ಟಿ) 0.0.0.255 ಕೇಳುತ್ತದೆ, ಏಜೆಂಟ್ 255.255.255.0 ಕೊಟ್ಟರೆ ಅರ್ಥವೇ ತಿರುಗುಮುರುಗು. ಟೈಮ್‌ಔಟ್ ಸೆಕೆಂಡಾ ನಿಮಿಷವಾ ಹೇಳಿ. ಜುನಿಪರ್ ಸಾಧನಗಳ 'ಕಮಿಟ್ ಕನ್ಫರ್ಮ್ಡ್' ಬಳಸುತ್ತಿದ್ದರೆ, ಎರಡನೇ ಸಲ ಖಚಿತಪಡಿಸದಿದ್ದರೆ (ಬೇರೆ ಸಮಯ ಕೊಟ್ಟಿಲ್ಲದಿದ್ದರೆ) 10 ನಿಮಿಷಕ್ಕೆ ಹಳೆಯದಕ್ಕೇ ವಾಪಸ್ ಹೋಗುತ್ತದೆ ಅಂತ ಬರೆಯಲೇಬೇಕು.

ಕೆಲವನ್ನು ವಿವರಣೆಗೆ ಬಿಡಲೇಬೇಡಿ. ಸೋರ್ಸ್ ಖಾಲಿ ಇದ್ದರೆ 'ಎಲ್ಲರೂ' ಅಂತ ಹಿಡಿಯುವ ಕೋಡ್ ಇದ್ದರೆ ಇವತ್ತೇ ತೆಗೆದುಹಾಕಿ, ಎರರ್ ಕೊಡಲಿ. ಫೈರ್‌ವಾಲ್‌ಗೆ ನೀವು ಲಾಗಿನ್ ಆಗುವ ಮ್ಯಾನೇಜ್‌ಮೆಂಟ್ ಐಪಿಯ ರೂಲ್ ಮುಟ್ಟಬಾರದು ಅನ್ನುವುದನ್ನೂ ಕೋಡ್‌ನಲ್ಲೇ ತಡೆಯಿರಿ. ಏಜೆಂಟ್‌ಗೆ ಟೂಲ್ ಜೋಡಿಸುವ ಎಂಸಿಪಿ ಅನ್ನೋ ಪ್ರೋಟೋಕಾಲ್‌ನಲ್ಲಿ 'ಇದು ಓದುವ ಟೂಲ್', 'ಇದು ಅಳಿಸುವ ಟೂಲ್' ಅಂತ ಗುರುತು ಹಾಕಬಹುದು, ಹಾಕಿ. ಆದರೆ ಅದು ಬರೀ ಸೂಚನೆ, ಯಾರನ್ನೂ ತಡೆಯುವುದಿಲ್ಲ.

ತಪ್ಪು ಟೂಲ್ ಹಿಡಿಯುವುದಕ್ಕೆ ನಾನು ಕಂಡ ಕಾರಣ ಸಾಮಾನ್ಯವಾಗಿ ಒಂದೇ: ಎರಡು ಟೂಲ್ ಒಂದೇ ಕೆಲಸ ಮಾಡುತ್ತಿರುತ್ತವೆ. 'ಬ್ಲಾಕ್ ಐಪಿ'ಯೂ ಇದೆ, 'ಆ್ಯಡ್ ರೂಲ್'ಗೆ ಡಿನೈ ಕೊಟ್ಟರೂ ಆಗುತ್ತದೆ ಅಂದರೆ ಒಂದನ್ನು ಕಿತ್ತುಹಾಕಿ.

ಇನ್ನೊಂದು ನಮ್ಮವರಿಗಷ್ಟೇ ಬರುವ ತಾಪತ್ರಯ. ನಮ್ಮ ಹುಡುಗರು ಚಾಟ್‌ನಲ್ಲಿ ಕನ್ನಡದಲ್ಲೇ ಕೇಳುತ್ತಾರೆ. ಒಬ್ಬ '8443 ತೆಗಿ' ಅಂತ ಟೈಪ್ ಮಾಡಿದ. ಬಾಗಿಲು ತೆಗಿ ಅನ್ನೋ ತೆಗಿನಾ, ಕಸ ತೆಗಿ ಅನ್ನೋ ತೆಗಿನಾ? ಅವನಿಗೆ ಬೇಕಿದ್ದದ್ದು ಓಪನ್. ಏಜೆಂಟ್ ಹಿಡಿದದ್ದು ಡಿಲೀಟ್ ಟೂಲ್. ಈಗ ಆ ಟೂಲ್‌ನ ವಿವರಣೆಯ ಮೊದಲ ಸಾಲೇ ಇದು: 'ತೆಗಿ ಅಂತ ಮಾತ್ರ ಹೇಳಿದ್ದರೆ, ಓಪನ್ ಮಾಡಬೇಕೋ ಅಳಿಸಬೇಕೋ ಅಂತ ಕೇಳದೆ ಈ ಟೂಲ್ ಓಡಿಸಬೇಡಿ.'